ಅಪ್ಪ ನಿಲ್ಲಿಸದೆ ಹೋದ ಜಾಗ

ಲಾರಿಯ ಹಿಂದೆ ಸಿಕ್ಕಿಕೊಂಡಾಗ ಜನ ಅದರ ಬೆನ್ನ ಮೇಲಿನ ಬಣ್ಣದ ಬರಹ ಓದಿ ಹೊತ್ತು ಕಳೆಯುತ್ತಾರೆ. ನನಗೆ ಆ ಸುಖವಿಲ್ಲ. ನನ್ನ ಕಣ್ಣು ನೇರವಾಗಿ ಹಗ್ಗಕ್ಕೆ ಹೋಗುತ್ತದೆ. ಸರಕಿಗೆ ಹೊದಿಸಿದ ತಾಡಪತ್ರಿಯ ಅಂಚು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆಯೇ, ಬೆಲ್ಟು ಬಿಗಿಯಾಗಿದೆಯೇ, ಹಿಂದಿನ ಹಲಗೆಯ ಕೊಂಡಿ ಸರಿಯಾಗಿ ಬಿದ್ದಿದೆಯೇ, ಮೇಲೆ ಹೇರಿದ ಚೀಲಗಳಲ್ಲಿ ಒಂದಾದರೂ ಹೊರಗೆ ಇಣುಕುತ್ತಿದೆಯೇ ಎಂದು ನೋಡುತ್ತಾ ಕೂರುತ್ತೇನೆ. ಎಲ್ಲ ಸರಿಯಿದೆ ಅನ್ನಿಸಿದ ಮೇಲೆಯೇ ಉಸಿರು ಸಲೀಸಾಗಿ ಆಡುವುದು.

ಇಂಥ ಕಣ್ಣು ಇಟ್ಟುಕೊಂಡು ಡೊಂಬಿವಲಿಯಲ್ಲಿ ಬದುಕುವುದು ಸುಲಭವಲ್ಲ. ಶೀಳಫಾಟಾದ ರಸ್ತೆಗೆ ಇಳಿದರೆ ಮುಂದೆ ಲಾರಿ, ಹಿಂದೆ ಟ್ರೇಲರು, ಪಕ್ಕದಲ್ಲಿ ಕಂಟೇನರು. ಒಮ್ಮೆ ಮಹಾಪೆಯ ಸಿಗ್ನಲ್ಲಿನಲ್ಲಿ ತಡೆಯಲಾರದೆ ಕಾರಿನ ಕಿಟಕಿ ಇಳಿಸಿ, ಪಕ್ಕದ ಟೆಂಪೋದವನಿಗೆ ಅವನ ಹಗ್ಗ ಸಡಿಲಾಗಿದೆ ಎಂದು ಕೂಗಿ ಹೇಳಿದೆ. ಆತ ಬಹಳ ವಿನಯದಿಂದ, "ಮಗ ತುಮ್ಹೀಚ್ ಚಾಲವಾ, ಮ್ಯಾಡಮ್" ಎಂದ. ಹಾಗಾದರೆ ನೀವೇ ಓಡಿಸಿ ಎಂದರ್ಥ. ಹಿಂದಿನ ಸೀಟಿನಲ್ಲಿದ್ದ ಮಗಳು, "ಮಮ್ಮಾ, ಪ್ಲೀಸ್, ಖಿಡ್ಕೀ ಬಂದ್ ಕರೋ, ಸಬ್ ದೇಖ್ ರಹೇ ಹೈಂ" ಎಂದು, ಎಲ್ಲರೂ ನೋಡುತ್ತಿದ್ದಾರೆಂಬ ನಾಚಿಕೆಗೆ ಸೀಟಿನ ಕೆಳಗೆ ಜಾರಿಕೊಂಡಳು. ನನ್ನ ಗಂಡ ಮೈಸೂರಿನವರು, ಸಿಟ್ಟನ್ನೂ ಮೆತ್ತಗೆ ಮಾಡುವ ಊರಿನವರು. "ಶಾರದಾ, ಕೆಲಸ ಬಿಟ್ಟು ಟ್ರಾಫಿಕ್ ಪೊಲೀಸ್ ಸೇರ್ಕೊಂಡ್ಬಿಡು ಕಣೇ. ಅವರಿಗೂ ಸಹಾಯ, ನಮಗೂ ನೆಮ್ಮದಿ" ಎಂದರು.

ಈ ಕಣ್ಣು ನನಗೆ ಅಪ್ಪನಿಂದ ಬಂದದ್ದು. ಮೂಗು, ಬಣ್ಣ, ಬೇಗ ಕಣ್ಣೀರು ಬರುವ ಸ್ವಭಾವ ಎಲ್ಲ ಅವ್ವನ ಕಡೆಯದು. ಕಣ್ಣು ಮಾತ್ರ ಅಪ್ಪನದು.

ಅಪ್ಪ ಲಾರಿ ಡ್ರೈವರ್. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಹಳ್ಳಿಯಿಂದ ಮುಂಬಯಿಗೆ ಬಂದು, ಕಳಂಬೋಲಿಯ ಉಕ್ಕಿನ ಬಜಾರಿನಿಂದ ಪೈಪು, ಸಲಾಕೆ, ತಗಡು ಹೇರಿಕೊಂಡು ಕಲ್ಯಾಣ, ಭಿವಂಡಿ, ನಾಶಿಕದವರೆಗೆ ಓಡಾಡುತ್ತಿದ್ದ. ನಮ್ಮ ಮನೆ ಕೋಪರಖೈರಣೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಆ ಎರಡರಲ್ಲೂ ಕಟ್ಟದೆ ಬಿಟ್ಟ ವಸ್ತು ಎಂಬುದೇ ಇರಲಿಲ್ಲ. ಗ್ಯಾಸಿನ ಸಿಲಿಂಡರಿಗೆ ಕಿಟಕಿಯ ಸರಳಿನಿಂದ ಒಂದು ಕಟ್ಟು. ಅಟ್ಟದ ಮೇಲಿನ ಟ್ರಂಕಿಗೆ ಒಂದು ಕಟ್ಟು. ಮೇಜಿನ ಮೇಲಿನ ಫ್ಯಾನಿಗೂ ಒಂದು ಕಟ್ಟು. ನನ್ನ ಊಟದ ಡಬ್ಬಿಗೆ ಅಪ್ಪ ಹಾಕುತ್ತಿದ್ದ ಕಟ್ಟು ಶಾಲೆಯಲ್ಲಿ ಪ್ರಸಿದ್ಧವಾಗಿತ್ತು. ಗೆಳತಿಯರೆಲ್ಲ ಸೇರಿ ಬಿಚ್ಚುವಷ್ಟರಲ್ಲಿ ಊಟದ ವೇಳೆ ಅರ್ಧ ಮುಗಿದಿರುತ್ತಿತ್ತು.

ನನ್ನ ಮದುವೆಯಲ್ಲಿ ಸೀರೆಗಳ ಸೂಟ್‌ಕೇಸನ್ನು ಅಪ್ಪನೇ ಕಟ್ಟಿದ್ದ. ಬೀಗವಿದ್ದ ಸೂಟ್‌ಕೇಸು ಅದು. ಆದರೂ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಹಗ್ಗ ಬಿಗಿದಿದ್ದ. ಮೈಸೂರಿನಲ್ಲಿ ಅತ್ತೆ, "ಇದೇನಮ್ಮಾ, ಸೀರೆಗಳು ಎದ್ದು ಓಡಿಹೋಗ್ತವೆ ಅಂದ್ಕೊಂಡ್ರಾ ನಿಮ್ಮಪ್ಪ?" ಎಂದು ನಕ್ಕರು. ಗಂಡ ಒಂದಷ್ಟು ಹೊತ್ತು ಗಂಟಿನೊಂದಿಗೆ ಗುದ್ದಾಡಿ ಬೆರಳು ಕೆಂಪು ಮಾಡಿಕೊಂಡರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು, ಡ್ರೈವರನ ಮಗಳಲ್ಲವೇ, ಬಿಚ್ಚುತ್ತಾಳೆ ಎಂದು. ನನಗೆ ಚಪ್ಪಲಿಯ ಬಕಲು ಹಾಕುವುದೇ ಕಷ್ಟ. ಕೊನೆಗೆ ಈಳಿಗೆಮಣೆಯೇ ಬಂತು.

ಶಾಲೆಗೆ ರಜೆ ಇದ್ದಾಗ ಒಮ್ಮೊಮ್ಮೆ ಅಪ್ಪ ನನ್ನನ್ನು ಲಾರಿಯಲ್ಲಿ ಕರೆದೊಯ್ಯುತ್ತಿದ್ದ. ಅಷ್ಟು ಎತ್ತರದಲ್ಲಿ ಕೂತರೆ ಬಸ್ಸುಗಳ ನೆತ್ತಿ ಕಾಣುತ್ತಿತ್ತು. ಕಳಂಬೋಲಿ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ, ತಳೋಜಾದ ಹತ್ತಿರ, ರಸ್ತೆ ಬದಿಯ ಒಂದು ಚಹಾದಂಗಡಿಯ ಮುಂದೆ ಅಪ್ಪ ಲಾರಿ ನಿಲ್ಲಿಸುತ್ತಿದ್ದ. ನನಗೆ ತಟ್ಟೆಯಲ್ಲಿ ಆರಿಸಿದ ಚಹಾ, ಒಂದು ಖಾರಿ ಬಿಸ್ಕೀಟು. ಅಪ್ಪ ಮಾತ್ರ ಮೊದಲು ಚಹಾ ಮುಟ್ಟುತ್ತಿರಲಿಲ್ಲ. ಲಾರಿಯ ಸುತ್ತ ಒಂದು ಸುತ್ತು ಹಾಕುತ್ತಿದ್ದ. ಪ್ರತಿ ಹಗ್ಗವನ್ನೂ ಅಂಗೈಯಿಂದ ಬಡಿದು ನೋಡುತ್ತಿದ್ದ, ಪೈಪಿನ ಕೆಳಗೆ ಹೊಡೆದ ಮರದ ಬೆಣೆಗಳನ್ನು ಕಾಲಿನಿಂದ ಒದ್ದು ನೋಡುತ್ತಿದ್ದ, ಸಡಿಲೆನಿಸಿದ ಕಡೆ ಇನ್ನೊಂದು ಪಟ್ಟು ಬಿಗಿಯುತ್ತಿದ್ದ.

"ಅಲ್ಲೇ ಬಿಗಿ ಕಟ್ಟೀಯಲ್ಲಪ್ಪಾ, ಮತ್ಯಾಕ ನೋಡ್ತಿ?" ಎಂದು ಒಮ್ಮೆ ಕೇಳಿದ್ದೆ.

"ಹೊರಿ ಕಟ್ಟಿದಲ್ಲೇ ಕೂತಿರ್ತದೇನವ್ವಾ? ನಾಲ್ಕ ಕಡೆ ಕುಲುಕಿದ ಮ್ಯಾಲ ತನ್ನ ಜಾಗಾ ತಾ ಹುಡುಕ್ಕೋತದ. ಅದು ಸರದ್ರ ಹಗ್ಗ ಸಡ್ಲ ಬೀಳ್ತದ" ಎಂದಿದ್ದ.

"ಕಟ್ಟಿದಾಂವ ಹಮಾಲ. ಅವನಽ ಬಂದು ನೋಡ್ಲಿ."

ಅಪ್ಪ ನಕ್ಕ. "ಹಮಾಲ ಕಳಂಬೋಲ್ಯಾಗ ಉಳದ. ಹೊರಿ ಕೂಡ ಹೋಗಾಂವ ನಾನ."

ಆಗ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇನ್ನೊಂದು ಬಿಸ್ಕೀಟು ಸಿಗುತ್ತದೆಯೇ ಎಂಬುದಷ್ಟೇ ನನ್ನ ಚಿಂತೆ. ಆ ಅಂಗಡಿಯ ಖಾರಿ ಬಿಸ್ಕೀಟಿಗೆ ಡೀಸೆಲ್ಲಿನ ವಾಸನೆ ಇರುತ್ತಿತ್ತು. ಈಗಲೂ ಒಳ್ಳೆಯ ಬೇಕರಿಯ ಖಾರಿ ತಿಂದಾಗ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ.

ನಾನು ಮದುವೆಯಾಗಿ ಡೊಂಬಿವಲಿಗೆ ಬಂದು, ಮಗಳು ಇನ್ನೂ ನಡೆಯಲು ಕಲಿಯುತ್ತಿದ್ದ ವರ್ಷ. ಕಲ್ಯಾಣ-ಶೀಳ ರಸ್ತೆಯನ್ನು ಅಗಲ ಮಾಡಲೆಂದು ಎಲ್ಲೆಂದರಲ್ಲಿ ಅಗೆದು ಹಾಕಿದ್ದರು. ಒಂದು ದಿನ ಬೆಳಿಗ್ಗೆ ಮಗಳಿಗೆ ರಾಗಿ ಸರಿ ತಿನ್ನಿಸುತ್ತಿದ್ದಾಗ ಅಪ್ಪನ ಫೋನು ಬಂತು. ಅಪ್ಪ ಕೆಲಸದ ಹೊತ್ತಿನಲ್ಲಿ ಎಂದೂ ಫೋನು ಮಾಡುವವನಲ್ಲ.

"ಅವ್ವಾ, ನಿಮ್ಮ ಊರ ದವಾಖಾನ್ಯಾಗ ಇದೀನಿ. ನನಗೇನೂ ಆಗಿಲ್ಲ. ನೀ ಸ್ವಲ್ಪ ಬಾ" ಎಂದ.

ಮಗಳನ್ನು ಪಕ್ಕದ ಮನೆಯ ಕಾಕೂ ಕೈಗೆ ಕೊಟ್ಟು ರಿಕ್ಷಾ ಹಿಡಿದು ಓಡಿದೆ. ಅಪ್ಪ ಆಸ್ಪತ್ರೆಯ ಓಣಿಯಂಥ ಹಾದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಅಂಗಿಯ ಮುಂಭಾಗವೆಲ್ಲ ರಕ್ತ. ಅವನದಲ್ಲ.

ಆದದ್ದು ಇಷ್ಟು. ಆ ದಿನ ಅಪ್ಪ ಕಳಂಬೋಲಿಯಿಂದ ಪೈಪು ಹೇರಿಕೊಂಡು ಕಲ್ಯಾಣದ ಕಡೆಗೆ ಹೊರಟಿದ್ದ. ಹಮಾಲರು ಚೆನ್ನಾಗಿಯೇ ಕಟ್ಟಿದ್ದರು. ಅಪ್ಪನೂ ನೋಡಿಯೇ ಹೊರಟಿದ್ದ. ತಳೋಜಾದಲ್ಲಿ ಎಂದಿನಂತೆ ನಿಲ್ಲಿಸೋಣವೆಂದರೆ ಚಹಾದಂಗಡಿ ಇದ್ದ ಕಡೆಯೆಲ್ಲ ಅಗೆದು ತಗಡಿನ ಗೋಡೆ ನಿಲ್ಲಿಸಿದ್ದರು. ಮುಂದೆ ನಿಲ್ಲಿಸುತ್ತೇನೆ ಎಂದುಕೊಂಡ. ಮುಂದೆಯೂ ಅಗೆತ. ಒಂದು ಕಡೆ ಸ್ವಲ್ಪ ಜಾಗ ಕಂಡು ಗಾಡಿ ನಿಧಾನ ಮಾಡಿದ. ಹಿಂದಿನವರು ಹಾರ್ನು ಹೊಡೆದರು, ಪೊಲೀಸಿನವನು ನಡೆ ನಡೆ ಎಂದು ಕೈ ಬೀಸಿದ. ದೊಡ್ಡ ಗಾಡಿಗಳಿಗೆ ರಸ್ತೆ ಬಂದಾಗುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು. ಶೀಳಫಾಟಾ ದಾಟಿ ನೋಡಿದರಾಯಿತು ಎಂದುಕೊಂಡ. ದಾಟಿದ ಮೇಲೆ, ಇಷ್ಟು ದೂರ ಬಂದಾಯಿತಲ್ಲ, ಏನೂ ಆಗಿಲ್ಲವಲ್ಲ ಎಂದುಕೊಂಡ.

ನಿಳಜೆಯ ರೈಲ್ವೆ ಸೇತುವೆ ಏರುವಾಗ ಹಿಂದಿನ ಚಕ್ರ ಒಂದು ಗುಂಡಿಗೆ ಬಿದ್ದು ಎದ್ದಿತು. ಸಡಿಲಾಗಿದ್ದ ಬೆಲ್ಟಿನ ಅಡಿಯಿಂದ ಮೇಲಿನ ಒಂದು ಪೈಪು ಹಿಂದಕ್ಕೆ ಜಾರಿತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರು ವಾಸು. ಡೊಂಬಿವಲಿಯ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ಕುಂದಾಪುರದ ಕಡೆಯವರು. ತಂಗಿಯನ್ನು ವಾಶಿಗೆ ಬಿಟ್ಟು ವಾಪಸು ಬರುತ್ತಿದ್ದರು. ಪೈಪಿನ ತುದಿ ಅವರ ಬಲಗೈಗೆ ಬಡಿಯಿತು. ತಂಗಿಯೂ ಜೊತೆಗೇ ವಾಪಸು ಹೊರಟಿದ್ದರೆ ಹಿಂದೆ ಕೂತಿರುತ್ತಿದ್ದಳು ಎಂಬುದನ್ನು ಅಪ್ಪ ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದಾನೆ. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ತುತ್ತು ಕೆಳಗಿಡುತ್ತಿದ್ದ. ಏನಾಯಿತು ಎಂದು ನಾವು ಕೇಳುತ್ತಿರಲಿಲ್ಲ.

ಅಪ್ಪ ಲಾರಿಯನ್ನು ಸೇತುವೆಯ ಮೇಲೇ ಬಿಟ್ಟು, ವಾಸು ಅವರನ್ನು ಎತ್ತಿ ರಿಕ್ಷಾದಲ್ಲಿ ಹಾಕಿಕೊಂಡು, ತೊಡೆಯ ಮೇಲೆ ಅವರ ತಲೆ ಇಟ್ಟುಕೊಂಡು ಆಸ್ಪತ್ರೆಗೆ ತಂದಿದ್ದ. ನಾನು ಹೋಗಿ ಸ್ವಲ್ಪ ಹೊತ್ತಿಗೆ ವಾಸು ಅವರ ಹೆಂಡತಿ ಬಂದರು. ಗುಲಾಬಿ ಎಂದು ಅವರ ಹೆಸರು. ಮನೆಯಲ್ಲಿದ್ದ ಬಟ್ಟೆಯಲ್ಲೇ, ಕಾಲಿಗೆ ಚಪ್ಪಲಿಯೂ ಇಲ್ಲದೆ ಬಂದಿದ್ದರು. ಆಯಾ ಅಪ್ಪನನ್ನು ತೋರಿಸಿ, ಇವರೇ ಕರೆದುಕೊಂಡು ಬಂದದ್ದು ಎಂದಳು. ಗುಲಾಬಿಯಕ್ಕ ಅಪ್ಪನ ಮುಂದೆ ಕೈ ಮುಗಿದರು.

"ದೇವರ ಹಾಗೆ ಬಂದ್ರಿ ನೀವು. ಈ ಊರಲ್ಲಿ ರಸ್ತೆಯಲ್ಲಿ ಬಿದ್ದವರನ್ನು ಯಾರು ಎತ್ತುತ್ತಾರೆ ಹೇಳಿ? ನಿಮ್ಮ ಉಪಕಾರ ಮರೆಯುವುದಿಲ್ಲ" ಎಂದರು.

ನಾನು ಅಪ್ಪನ ತೋಳು ಹಿಡಿದೆ. ಈಗ ಬೇಡ, ಸುಮ್ಮನಿರು, ಆಮೇಲೆ ಹೇಳಿದರಾಯಿತು ಎಂಬುದು ನನ್ನ ಬೆರಳುಗಳ ಮಾತು. ಅಪ್ಪ ಮೆತ್ತಗೆ ತೋಳು ಬಿಡಿಸಿಕೊಂಡ.

"ಕೈ ಮುಗೀಬ್ಯಾಡ್ರಿ ಅಕ್ಕಾರ. ಆ ಲಾರಿ ಡ್ರೈವರ್ ನಾನಽ" ಎಂದ.

ಮುಗಿದ ಕೈ ಹಾಗೇ ಉಳಿಯಿತು. ಅದನ್ನು ಇಳಿಸಬೇಕೋ ಬೇಡವೋ ಎಂದು ಅವರಿಗೆ ತಿಳಿಯಲಿಲ್ಲ. ಆಮೇಲೆ ಅವರು ಬೈಯಲಿಲ್ಲ, ಕೂಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಅಪ್ಪ ಅವರಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ನಿಂತ.

ಅಷ್ಟರಲ್ಲಿ ಲಾರಿಯ ಯಜಮಾನನ ಫೋನು. ಅಪ್ಪನ ಕಿವಿ ಸ್ವಲ್ಪ ಮಂದವಾಗಿದ್ದರಿಂದ ಫೋನು ಯಾವಾಗಲೂ ದೊಡ್ಡ ದನಿಯಲ್ಲಿರುತ್ತಿತ್ತು. ಸೇಠ್ ಹೇಳಿದ್ದೆಲ್ಲ ನನಗೂ ಕೇಳಿಸಿತು. "ಬೆಲ್ಟ್ ಟೂಟ್ ಗಯಾ ಬೋಲ್ ದೇ. ಸ್ಕೂಟರ್‌ವಾಲಾ ಏಕದಮ್ ಚಿಪಕ್ ಕೇ ಚಲ್ ರಹಾ ಥಾ, ಐಸಾ ಬೋಲ್." ಬೆಲ್ಟು ಹರಿಯಿತು ಎಂದರೆ ಅದು ಬೆಲ್ಟು ಮಾಡಿದವನ ತಪ್ಪು. ಸ್ಕೂಟರು ತೀರ ಹತ್ತಿರವಿತ್ತು ಎಂದರೆ ಅದು ವಾಸು ಅವರ ತಪ್ಪು. ಎರಡರಲ್ಲೂ ಡ್ರೈವರನದು ಏನೂ ಇಲ್ಲ. ಸೇಠ್ ಕೆಟ್ಟವನೇನಲ್ಲ. ನನ್ನ ಮದುವೆಗೆ ಬಂದು ಕುಕ್ಕರ್ ಕೊಟ್ಟವನು. ಅಪ್ಪನ ಲೈಸೆನ್ಸು ಉಳಿಯಲಿ ಎಂದೂ ಅವನಿಗಿತ್ತು.

ಮಧ್ಯಾಹ್ನ ಠಾಣೆಗೆ ಹೋಗುವ ರಿಕ್ಷಾದಲ್ಲಿ ನಾನೂ ಅದನ್ನೇ ಹೇಳಿದೆ. "ಅಪ್ಪಾ, ಸೇಠ್ ಹೇಳಿದ್ದು ಪೂರಾ ಸುಳ್ಳಲ್ಲಲಾ. ಹಳೇ ಬೆಲ್ಟು. ಹರದಿದ್ರ ಹರದಿರಬೇಕು."

"ಹರದಿಲ್ಲ. ನಾ ನೋಡೀನಿ. ಬೆಲ್ಟ್ ಗಟ್ಟಿನಽ ಅದ."

"ಕಟ್ಟಿದವರು ಹಮಾಲರು."

ಆ ಮಾತಿಗೆ ಅಪ್ಪನ ಉತ್ತರ ತಳೋಜಾದ ಚಹಾದಂಗಡಿಯ ಕಾಲದಿಂದಲೇ ನನಗೆ ಗೊತ್ತಿತ್ತು.

ಠಾಣೆಯ ಹವಾಲ್ದಾರ ವಯಸ್ಸಾದವನು, ಇಂಥವನ್ನು ದಿನವೂ ಬರೆದುಕೊಳ್ಳುವವನು. ಅವನೇ ದಾರಿ ತೋರಿಸುವಂತೆ, "ಬೆಲ್ಟ್ ತುಟಲಾ ಕಾಯ್?" ಎಂದು ಕೇಳಿದ. ಹರಿಯಿತೇ ಎಂದು. ಹೂಂ ಎಂದರೆ ಮುಗಿಯುತ್ತಿತ್ತು. ಅಪ್ಪ ತನ್ನ ಇಂಡಿ ಕಡೆಯ ಮರಾಠಿಯಲ್ಲಿ, ಹರಿದಿಲ್ಲ, ಸಡಿಲಾಗಿತ್ತು, ನಾನು ಇಳಿದು ನೋಡಬೇಕಿತ್ತು, ನೋಡಲಿಲ್ಲ ಎಂದ. ಹವಾಲ್ದಾರ ಪೆನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ, ಇವನಿಗೆ ತಲೆ ಸರಿಯಿದೆಯೇ ಎಂಬಂತೆ. ನಾನು ಕಿಟಕಿಯ ಹೊರಗೆ ನೋಡಿದೆ.

ಕೋರ್ಟಿನಲ್ಲೂ ಅಪ್ಪ ಅದನ್ನೇ ಹೇಳಿದ. ದಂಡ ಬಿತ್ತು, ಲೈಸೆನ್ಸು ಕೆಲಕಾಲ ಅಮಾನತಾಯಿತು. ವಿಮೆಯ ಕಡೆಯಿಂದ ವಾಸು ಅವರಿಗೆ ಪರಿಹಾರ ಸಿಕ್ಕಿತು, ಬಹಳ ತಡವಾಗಿ. ಸೇಠ್ ಬೇರೆ ಡ್ರೈವರನನ್ನು ಇಟ್ಟುಕೊಂಡ. ಅವ್ವ ಜೋಳದ ರೊಟ್ಟಿ ಮಾಡಿ ಅಕ್ಕಪಕ್ಕದ ಖಾನಾವಳಿಗಳಿಗೆ ಕೊಡತೊಡಗಿದಳು. ಅವಳು ಅಪ್ಪನನ್ನು ಒಂದು ಮಾತೂ ಆಡಲಿಲ್ಲ. ಬದಲಾಗಿ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಸಮಾಧಾನ ಹೇಳುತ್ತಿದ್ದಳು. "ನಿಮ್ದೇನ್ ತಪ್ಪ್ ಅದರೀ? ರಸ್ತಾ ಅಗದು ಇಟ್ಟಾಂವಂದು ತಪ್ಪು. ನಿಲ್ಲಸಾಕ ಜಾಗಾನ ಇಲ್ಲಂದ್ರ ಮನಷ್ಯಾ ಏನ್ ಮಾಡ್ಬೇಕು?" ನಾನೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ. ಮೈಸೂರಿನ ಅಳಿಯನೂ, "ನೀವು ಬೇಕಂತ ಮಾಡಿದ್ದಲ್ಲವಲ್ಲ ಮಾವ, ಬಿಟ್ಬಿಡಿ" ಎನ್ನುತ್ತಿದ್ದರು. ಅಪ್ಪ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ. ಯಾರಿಗೂ ಹೌದು ಎನ್ನುತ್ತಿರಲಿಲ್ಲ.

ಪ್ರತಿ ಭಾನುವಾರ ಅಪ್ಪ ಕೋಪರಖೈರಣೆಯಿಂದ ಬಸ್ಸು ಹಿಡಿದು ಡೊಂಬಿವಲಿಗೆ ಬರುತ್ತಿದ್ದ. ಮೊಮ್ಮಗಳನ್ನು ನೋಡಲು ಎಂದು ಅವ್ವನಿಗೆ ಹೇಳುತ್ತಿದ್ದ. ನಮ್ಮ ಮನೆಗೆ ಬಂದು ಒಂದು ಲೋಟ ನೀರು ಕುಡಿದು, ಮೊಮ್ಮಗಳ ಕೆನ್ನೆ ಮುಟ್ಟಿ, ಎಳನೀರೋ ಮೋಸಂಬಿಯೋ ತೆಗೆದುಕೊಂಡು ವಾಸು ಅವರ ಮನೆಗೆ ಹೋಗುತ್ತಿದ್ದ. ಸ್ಟೇಷನ್ನಿನ ಪೂರ್ವಕ್ಕೆ ಹಳೆಯ ಚಾಳಿನಲ್ಲಿ ಅವರ ಮನೆ. ಅಲ್ಲಿ ಹೋಗಿ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. ಹೇಗಿದೀರಿ ಎನ್ನುತ್ತಿದ್ದ. ಇದ್ದೇನೆ ಎನ್ನುತ್ತಿದ್ದರು ಅವರು. ಗುಲಾಬಿಯಕ್ಕ ಚಹಾ ಕೊಡುತ್ತಿದ್ದರು. ಅಪ್ಪ ಅದನ್ನು ಕುಡಿದು, ನನ್ನಿಂದ ಹಿಂಗಾತ್ರಿ ಎನ್ನುತ್ತಿದ್ದ. ಆಗ ಅವರು, ಆಗಿದ್ದು ಆಯಿತು, ನೀವೇನು ಬೇಕೆಂದು ಮಾಡಿದ್ದಾ ಎನ್ನಬೇಕಾಗುತ್ತಿತ್ತು.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಕೈಯ ಶಸ್ತ್ರಚಿಕಿತ್ಸೆಗಳೆಲ್ಲ ಮುಗಿದಿದ್ದವು. ಕೈ ಉಳಿದಿತ್ತು. ಆದರೆ ಬೆರಳುಗಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಆ ವಾರವೇ ಹೇಳಿದ್ದರಂತೆ. ಅಪ್ಪ ಎಂದಿನಂತೆ ಕೂತು, ಎಂದಿನಂತೆ ಮಾತು ತೆಗೆದ. ವಾಸು ದನಿ ಏರಿಸದೆ ಹೇಳಿದರು:

"ನೋಡಿ, ಬೇಸರ ಮಾಡ್ಕೊಳ್ಬೇಡಿ. ನೀವು ಇನ್ನು ಬರಬೇಡಿ ಮಾರಾಯ್ರೆ. ನೀವು ಬಂದ್ರೆ ನಾನು ನಿಮಗೆ ಸಮಾಧಾನ ಹೇಳ್ಬೇಕಾಗ್ತದೆ. ವಾರ ಇಡೀ ಹೆಂಡತಿಗೆ ಹೇಳ್ತೇನೆ, ತಂಗಿಗೆ ಹೇಳ್ತೇನೆ, ಊರಿಂದ ಫೋನ್ ಮಾಡಿದವರಿಗೆ ಹೇಳ್ತೇನೆ. ಆದಿತ್ಯವಾರ ನಿಮಗೂ ಹೇಳ್ಲಿಕ್ಕೆ ನಂಗೆ ತ್ರಾಣ ಇಲ್ಲ."

ಅಪ್ಪ ಎದ್ದು ನಿಂತ. ಚಹಾದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ಗುಲಾಬಿಯಕ್ಕ ಬಂದು ತೆಗೆದುಕೊಂಡರು. "ಖರೆ ಅದರೀ. ನನಗ ತಿಳೀಲಿಲ್ಲ" ಎಂದು ಅಪ್ಪ ಹೊರಗೆ ಬಂದ. ಚಾಳಿನ ಮೆಟ್ಟಿಲಿಳಿಯುವಾಗ ನಾನು ಸಿಟ್ಟಿನಿಂದ, "ಎಷ್ಟ್ ಕಠೋರ ಮಾತಾಡಿದ್ರು ನೋಡು" ಎಂದೆ. "ಇಲ್ಲವ್ವಾ, ಪಾಪ, ಇಷ್ಟ ದಿನಾ ತಡಕೊಂಡಾರ" ಎಂದ ಅಪ್ಪ.

ಆಮೇಲೆ ಹೋಗಲಿಲ್ಲ. ಡೊಂಬಿವಲಿಗೆ ಬರುವುದನ್ನೇ ಕಡಿಮೆ ಮಾಡಿದ. ಬಂದರೂ ಸ್ಟೇಷನ್ನಿನ ಆ ಕಡೆಗೆ ಕಾಲಿಡುತ್ತಿರಲಿಲ್ಲ, ದಾರಿಯಲ್ಲಿ ಎದುರಾದರೆ ಅವರಿಗೆ ತೊಂದರೆ ಎಂದು. ಲೈಸೆನ್ಸು ಮರಳಿ ಬಂದಾಗ ನಾವೆಲ್ಲ ಅಪ್ಪ ಮತ್ತೆ ಗಾಡಿ ಹತ್ತುತ್ತಾನೆ ಎಂದುಕೊಂಡೆವು. ಅವನು ಹತ್ತಲಿಲ್ಲ. ತುರ್ಭೆಯ ಒಂದು ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಹಿಡಿದ. ಅಷ್ಟು ಎತ್ತರದಲ್ಲಿ ಕೂತು ರಸ್ತೆ ನೋಡುತ್ತಿದ್ದವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಲಾರಿಗಳ ಚಕ್ರ ನೋಡುತ್ತಿದ್ದ. ಒಮ್ಮೆ ಏನೋ ಕೊಡಲು ಹೋದಾಗ ನಾನು ಅವನನ್ನು ದೂರದಿಂದ ಕಂಡೆ. ನಮ್ಮ ಅಪ್ಪ ಇಷ್ಟು ಸಣ್ಣಗಿದ್ದನೇ ಅನ್ನಿಸಿತು.

ವರ್ಷಗಳು ಹೋದವು. ಮಗಳು ಈಗ ನನ್ನ ಹೆಗಲೆತ್ತರ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಅವಳನ್ನು ಟ್ಯೂಷನ್ನಿಗೆ ಬಿಟ್ಟು, ಕಾಫಿ ಕುಡಿಯಲೆಂದು ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿಗೆ ಹೋದೆ. ಬಿಲ್ಲು ಕೊಡಲು ಗಲ್ಲೆಯ ಹತ್ತಿರ ನಿಂತಾಗ, ಎಡಗೈಯಿಂದ ಚಿಲ್ಲರೆ ಎಣಿಸುತ್ತಿದ್ದವರು ತಲೆಯೆತ್ತಿದರು. ವಾಸು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಅವರನ್ನು ಗುರುತಿಸುವ ಮೊದಲೇ ಅವರು ನನ್ನನ್ನು ಗುರುತಿಸಿದ್ದರು.

"ನೀವು ಆ ಡ್ರೈವರ್ ಮಗಳಲ್ವಾ? ಅಪ್ಪ ಹೇಗಿದ್ದಾರೆ?"

ಇದ್ದಾರೆ, ಗಾಡಿ ಬಿಟ್ಟಿದ್ದಾರೆ ಎಂದೆ.

"ಬಿಟ್ಟೇ ಬಿಟ್ರಾ?" ಎಂದು ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. ಆ ಸುದ್ದಿ ಅವರಿಗೆ ಹಿತವಾಗಲಿಲ್ಲ ಎಂದು ಕಂಡಿತು. "ಒಂದು ಸಲ ಕರ್ಕೊಂಡು ಬನ್ನಿ ಅವರನ್ನು. ಆವತ್ತು ಆಗ್ತಿರಲಿಲ್ಲ ನಂಗೆ. ಈಗ ಆಗ್ತದೆ."

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. "ಅವರು ದೊಡ್ಡವರು, ಮರ್ಯಾದಿಗೆ ಅಂದಾರ. ನಾ ಹೋದ್ರ ನನಗ ಹಗುರ ಆಗ್ತದ. ಅವರಿಗೆ?" ಎಂದ. ಅವ್ವ ಕೂಡ ಹೋಗಿ ಬರ್ರಿ ಎಂದಳು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟ. ಏನಾದರೂ ಹಣ್ಣು ತೆಗೆದುಕೊಳ್ಳೋಣವೇ ಎಂದರೆ, ಬೇಡ, ಈ ಸಲ ಬರಿಗೈಯಲ್ಲೇ ಹೋಗೋಣ ಎಂದ.

ಊಟದ ಹೊತ್ತು ಮುಗಿದು ಹೋಟೆಲು ಅರ್ಧ ಖಾಲಿಯಾಗಿತ್ತು. ವಾಸು ಗಲ್ಲೆಯಿಂದಲೇ, "ಬನ್ನಿ ಬನ್ನಿ, ಕೂತ್ಕೊಳ್ಳಿ. ಏನು ತಗೊಳ್ತೀರಿ?" ಎಂದರು.

"ಏನೂ ಬ್ಯಾಡ್ರಿ."

"ಹೋಟ್ಲಿಗೆ ಬಂದು ಏನೂ ಬೇಡ ಹೇಳಿದ್ರೆ ಹೇಗೆ ಮಾರಾಯ್ರೆ?"

ಎರಡು ಕಾಫಿ ಬಂತು. ಅಪ್ಪ ನಿಂತೇ ಕುಡಿದ. ಇಬ್ಬರೂ ಲೋಕಲ್ಲಿನ ಗರ್ದಿಯ ಬಗ್ಗೆ ಮಾತಾಡಿದರು, ಈ ಸಲ ಚಳಿ ಬೇಗ ಬಂತೆಂದರು, ಊರಿಗೆ ಹೋಗಿ ಎಷ್ಟು ದಿನವಾಯಿತೆಂದು ಕೇಳಿಕೊಂಡರು. ನಾನು ಪಕ್ಕದಲ್ಲಿ ಸೋಂಪಿನ ತಟ್ಟೆ ಕೆದಕುತ್ತಾ ನಿಂತಿದ್ದೆ. ಆ ಮಾತುಗಳು ಮುಗಿದಾಗ ಅಪ್ಪ, "ಒಂದ್ ಮಾತ ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ" ಎಂದ. "ಆ ಕೈ ಒಂದ್ಸಲ ನೋಡ್ಲ್ಯಾ? ಅಷ್ಟ ಸಲ ನಿಮ್ಮನಿಗೆ ಬಂದೆ. ನೆಲಾ ನೋಡ್ಕೋತ ಕೂತಿರ್ತಿದ್ದೆ. ಕೈ ನೋಡ್ಲಿಲ್ಲ."

ವಾಸು ಗಲ್ಲೆಯ ಕೆಳಗಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟರು. ಅಂಗಿಯ ತೋಳು ಸರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಹೆಬ್ಬೆರಳು ಸ್ವಲ್ಪ ಆಡುತ್ತಿತ್ತು. ಉಳಿದವು ನೆಟ್ಟಗೆ, ಯಾರದೋ ಬೆರಳುಗಳಂತೆ ಇದ್ದವು.

"ನೋಡಿ, ಇದೇ. ಚಳಿಗೆ ಸ್ವಲ್ಪ ನೋವು ಉಂಟು. ಸಹಿ ಎಡಗೈಯಲ್ಲಿ ಕಲ್ತೆ, ಊಟ ಕಲ್ತೆ, ಲೆಕ್ಕ ಕಲ್ತೆ. ದೋಸೆ ಮಾತ್ರ ಆಗ್ಲಿಲ್ಲ. ಎಷ್ಟೋ ಸಲ ನೋಡಿದೆ. ದುಂಡಗೆ ಬರೋದಿಲ್ಲ" ಎಂದರು.

ಅಪ್ಪ ನೋಡಿದ. ಕಣ್ಣು ತೆಗೆಯಲಿಲ್ಲ. ಮುಟ್ಟಲಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ.

"ಸಿಟ್ಟಿತ್ತು ನಂಗೆ, ಭಾರೀ ಸಿಟ್ಟು" ಎಂದರು ವಾಸು. "ಈಗಲೂ ಕೆಲವು ದಿನ ಬರ್ತದೆ. ಬರೋದಿಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ?"

"ಬರ್ಲಿರೀ" ಎಂದ ಅಪ್ಪ. "ಬರಬೇಕು."

ಹಿಂದಿನಿಂದ ಯಾರೋ ಬಿಲ್ಲು ಚಾಚಿದರು. ವಾಸು ತೋಳು ಇಳಿಸಿಕೊಂಡು ಚಿಲ್ಲರೆ ಹುಡುಕತೊಡಗಿದರು. ನಾವು ಪಕ್ಕಕ್ಕೆ ಸರಿದೆವು. ಹೊರಡುವಾಗ ಅವರು ಎಡಗೈ ಎತ್ತಿದರು, ಅಪ್ಪ ತಲೆ ಬಾಗಿಸಿದ. ಇನ್ನೊಮ್ಮೆ ಬನ್ನಿ ಎಂದು ಅವರು ಅನ್ನಲಿಲ್ಲ. ಬರುತ್ತೇನೆ ಎಂದು ಅಪ್ಪನೂ ಅನ್ನಲಿಲ್ಲ.

ಅಪ್ಪನನ್ನು ಮನೆಗೆ ಮುಟ್ಟಿಸಲು ನಾನೂ ಬಸ್ಸು ಹತ್ತಿದೆ. ಅಪ್ಪನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಾನಪಾಡಾ ದಾಟಿ, ಕಾಟೈ ನಾಕಾ ದಾಟಿ, ಬಸ್ಸು ಕಬ್ಬಿಣ ಹೇರಿದ ಟ್ರೇಲರುಗಳ ನಡುವೆ ತೆವಳುತ್ತಾ ನಿಳಜೆಯ ಸೇತುವೆ ಏರತೊಡಗಿತು. ಅಪ್ಪ ಹೊರಗೆ ನೋಡುತ್ತಲೇ ಹೇಳಿದ:

"ಆವತ್ತ ನಿಲ್ಲಸಬೇಕಾಗಿತ್ತವ್ವಾ."

ಈ ಮಾತನ್ನು ಅವನು ಈ ವರ್ಷಗಳಲ್ಲಿ ಎಷ್ಟು ಸಲ ಆಡಿದ್ದಾನೋ. ಪ್ರತಿ ಸಲ ನಾವು, ನಾನೋ ಅವ್ವನೋ, ಅವನು ಮಾತು ಮುಗಿಸುವ ಮೊದಲೇ ಬಾಯಿ ಹಾಕುತ್ತಿದ್ದೆವು. ಎಲ್ಲಿ ನಿಲ್ಲಿಸುತ್ತಿದ್ದೆ, ಜಾಗವೆಲ್ಲಿತ್ತು, ಪೊಲೀಸಿನವನು ಬಿಡಬೇಕಲ್ಲ, ರಸ್ತೆಯೇ ಹಾಗಿತ್ತು ಎಂದು. ಪ್ರೀತಿಯಿಂದಲೇ ಹೇಳುತ್ತಿದ್ದೆವು. ಪ್ರತಿ ಸಲವೂ ಅಪ್ಪ ಒಬ್ಬನೇ ಆಗುತ್ತಿದ್ದ. ಈಗಲೂ ಅದೇ ಮಾತು ನನ್ನ ತುಟಿಯವರೆಗೆ ಬಂತು.

"ಹೌದಪ್ಪಾ" ಎಂದೆ. "ನಿಲ್ಲಸಬೇಕಾಗಿತ್ತು."

ಅಪ್ಪ ತಿರುಗಿ ನನ್ನನ್ನು ನೋಡಿದ. ಅವನ ಮುಖದಲ್ಲಿ ನೋವಾದ ಗುರುತು ಹುಡುಕಿದೆ, ಕಾಣಲಿಲ್ಲ. ಹೂಂ ಎಂದು ತಲೆಯಾಡಿಸಿದ. ಬಸ್ಸು ಸೇತುವೆ ಇಳಿಯಿತು. ಶೀಳಫಾಟಾದ ತಿರುವು ಬರುವಷ್ಟರಲ್ಲಿ ಅವನ ತಲೆ ನನ್ನ ಹೆಗಲಿಗೆ ಒರಗಿ, ಬಾಯಿ ಸ್ವಲ್ಪ ತೆರೆದಿತ್ತು. ಬ್ರೇಕು ಬಿದ್ದರೂ ಹಾರ್ನು ಹೊಡೆದರೂ ಎಚ್ಚರವಾಗಲಿಲ್ಲ. ನಡೆಯುವ ಗಾಡಿಯಲ್ಲಿ ಅಪ್ಪ ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.